ಹುಣಸೆಹುಳಿಯಲ್ಲಿ ಬೆಂದ ಕಾರು

“ಅಮ್ಮಾ, ಬಾಸಿಲ್ ಅಂಕಲ್ ಕಾರನ್ನು ಯಾಕೆ ಬೇಯಿಸುದು?” ಎಂದು ಮಗಳು ಪ್ರಣೀತಾ ಕೇಳಿದಳು.

ಗಲ್ಫಿನ ಸೀಬ್‌ನಲ್ಲಿ ನಮ್ಮ ಪಕ್ಕದ ಮನೆಯ ಬಾಸಿಲ್, ರಜೆಯ ದಿನಗಳನ್ನೆಲ್ಲ ತಮ್ಮ ಹಳೆಯ ಅಮೆರಿಕನ್ ಕಾರಿನ ಅಡಿಯಲ್ಲೇ ಕಳೆಯುವವರು. ಹೋಗಿ ನೋಡಿದರೆ ಅದರ ಎಂಜಿನ್ನಿಗೆ ಪೆಟ್ರೋಲು ಹಾಯಿಸುವ ಕಾರ್ಬ್ಯುರೇಟರ್ ಒಲೆಯ ಮೇಲೆ ಹುಣಸೆಹುಳಿಯಲ್ಲಿ ಕುದಿಯುತ್ತಿತ್ತು. ಅದೂ ಹೆಂಡತಿ ಎಲಿಜಬೆತ್ ಊರಿನಿಂದ ಹೊತ್ತು ತಂದಿದ್ದ ಇಡ್ಲಿ ಪಾತ್ರೆಯಲ್ಲಿ.

“ನನ್ನ ಅಮ್ಮ ಹಿತ್ತಾಳೆ ಚೆಂಬು ತಿಕ್ಕುತ್ತಿದ್ದದ್ದು ಹುಳಿಯಲ್ಲೇ ಅಲ್ವಾ ಮಾರಾಯ್ತಿ?” ಎಂದರು ಬಾಸಿಲ್.

ಕಾರ್ಬ್ಯುರೇಟರ್ ಫಳಫಳ ಹೊಳೆಯಿತು. ಐದು ತಿಂಗಳಿಂದ ಮಲಗಿದ್ದ ಕಾರು ಗುಡುಗಿ ಎದ್ದಿತು. ಪಾತ್ರೆ ಮಾತ್ರ ಕಪ್ಪಾಗಿ, ಗ್ಯಾರೇಜಿನ ವಾಸನೆ ಹೊಡೆಯುತ್ತಿತ್ತು. ಎಲಿಜಬೆತ್ ಅಂದು ಸಂಜೆಯೇ ಮಂಗಳೂರಿನಿಂದ ಬರುವವರಿದ್ದರು.

ಬಾಸಿಲ್ ಮುಖ ಸಣ್ಣದಾಯಿತು. “ಒಂದು ಉಪಕಾರ ಮಾಡ್ತೀಯಾ? ಪಾತ್ರೆ ನೀನು ಕೇಳಿ ತಕೊಂಡು ಹೋಗಿ ಸುಟ್ಟದ್ದು ಅಂತ ಹೇಳು. ನಿನಗಾದ್ರೆ ಅವಳು ಬೈಯೂದಿಲ್ಲ.”