ವಾಸಣ್ಣ ಕವುಚಿಟ್ಟ ಗ್ಲಾಸ್

ನಾನು ನಂಬಲಿಲ್ಲ...
ಬೆಳಿಗ್ಗೆ ಬಸಪ್ಪ ಫೋನ್ ಮಾಡಿ, "ಸುಧಾಕರಣ್ಣ, ವಾಸಣ್ಣ ಹೋಗಿಬಿಟ್ರಂತ್ರೀ" ಅಂದಾಗ ನಾನು ಕೇಳಿದ್ದು ಒಂದೇ, "ಯಾರು ಹೇಳಿದ್ದು?"

ಕೇಳಲೇಬೇಕು.
ಹೋದ ವರ್ಷವೂ ನಮ್ಮ ಹಳೇ ಬಾರಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಅವರ ಫೋಟೋಗೆ ಹಾರ ಹಾಕಿ ಕಳಿಸಿದ್ದರು. ಎಲ್ಲರೂ ಕೈ ಮುಗಿದದ್ದೇ ಮುಗಿದದ್ದು.
ಸ್ವಲ್ಪ ಹೊತ್ತಿಗೆ ವಾಸಣ್ಣನೇ ಮೆಸೇಜ್ ಹಾಕಿದರು. "ನಾನು ಇದ್ದೇನೆ. ಈಗಷ್ಟೇ ಗಂಜಿ ಊಟ ಆಯ್ತು."

ಹಾಗಾಗಿ ಇವತ್ತು ಅವರ ನಂಬರಿಗೇ ಫೋನ್ ಮಾಡಿದೆ.
ಎತ್ತಿದ್ದು ಮಗಳು...
"ಅಂಕಲ್... ಈ ಸಲ ಸಚ್ ಹೈ. ಪಪ್ಪಾ ನಿದ್ದೆಯಲ್ಲೇ..."
ಮುಂದೆ ಅವಳಿಗೆ ಕನ್ನಡವೂ ಬರಲಿಲ್ಲ, ಹಿಂದಿಯೂ ಬರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಮುಂಬಯಿಯಲ್ಲಿ, ಮುಲುಂಡ್ ಸ್ಟೇಷನ್ನಿನ ಹತ್ತಿರ ಒಂದು ಬಾರ್ ಇತ್ತು. ವಾಸಣ್ಣ ಮ್ಯಾನೇಜರ್, ನಾನು ಕ್ಯಾಶ್ ಕೌಂಟರಿನಲ್ಲಿ.
ಘಾಟಿನ ಆಚೆಯ ಒಂದು ಸಣ್ಣ ಬಿಯರ್ ಫ್ಯಾಕ್ಟರಿ... ಬಾರ್ ಕೂಡ ಅದೇ ಕಂಪನಿಯದ್ದು. ಮುಲುಂಡ್, ಮಲಾಡ್, ದಹಿಸರ್, ಅಲ್ಲಲ್ಲಿ ಅವರದ್ದೇ ಬಾರುಗಳು. ಬೇರೆಯವರ ಬಿಯರ್ ಇಡುವ ಹಾಗಿಲ್ಲ.

ಬೇಸಿಗೆಯಲ್ಲಿ ಲಾರಿ ಬಿಸಿಲಿಗೆ ನಿಂತರೆ ಮಾಲು ಕೆಡುತ್ತಿತ್ತು.
ಕೆಟ್ಟಿದೆ ಅಂತ ಕಂಪನಿಯ ಮ್ಯಾನೇಜರ್ ಕಂಪನಿಯ ಬಾರಿನಲ್ಲೇ ನಿಂತು ಬಾಯಿಬಿಟ್ಟು ಹೇಳಲಾಗುತ್ತದೆಯೇ?
ಅದಕ್ಕೆ ವಾಸಣ್ಣ ಒಂದು ಪದ್ಧತಿ ಮಾಡಿಕೊಂಡಿದ್ದರು.

ಲೋಡ್ ಬಂದ ಕೂಡಲೇ ಅಡಿಯ ಕ್ರೇಟಿನಿಂದ ಒಂದು ಬಾಟಲಿ ಎಳೆದು, ಗ್ಲಾಸಿಗೆ ಸುರಿದು, ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಮೂಸುತ್ತಿದ್ದರು. ಕುಡಿಯುತ್ತಿರಲಿಲ್ಲ... ಜನ್ಮದಲ್ಲಿ ಒಂದು ಹನಿ ಬಾಯಿಗೆ ಹಾಕಿದವರಲ್ಲ.
ಸರಿ ಇಲ್ಲದಿದ್ದರೆ ಚೆಲ್ಲಿ, ಗ್ಲಾಸನ್ನು ಕೌಂಟರಿನ ಮೇಲೆ ಕವುಚಿ, ಅದರ ತಳದ ಮೇಲೆ ಬಾಟಲಿಯ ಮುಚ್ಚಳ ಇಡುತ್ತಿದ್ದರು.
ಅಷ್ಟೇ. ಒಂದು ಮಾತಿಲ್ಲ.

ದಿನಾ ಬರುವವರಿಗೆ ಅರ್ಥವಾಗುತ್ತಿತ್ತು.
ಬಸಪ್ಪ ಬಿಲ್ಡಿಂಗ್ ಕೆಲಸದ ಮೇಸ್ತ್ರಿ, ವಿಜಾಪುರದ ಕಡೆಯವನು. ಬಾಗಿಲಲ್ಲೇ ನಿಂತು, "ಇವತ್ತ ಗ್ಲಾಸ್ ಡಬ್ಬ ಹಾಕ್ಯಾರ. ನಿಂಬೂ ಸೋಡಾ ಕೊಡ್ರೀ" ಅನ್ನುತ್ತಿದ್ದ.

ಆಮೇಲೆ ಕಂಪನಿ ಮಾರಾಟವಾಯಿತು.
ಯಾರೋ ದೊಡ್ಡವರು ಕೊಂಡರು. ಲೇಬಲ್ ಅದೇ, ಒಳಗಿನ ಮಾಲು ಬೇರೆ. ಬಸಪ್ಪ ಒಂದೇ ಗುಟುಕಿಗೆ ಮುಖ ಕಿವುಚಿದ.
ಆದರೆ ವಾಸಣ್ಣ ಗ್ಲಾಸ್ ಕವುಚಲಿಲ್ಲ... ಬಾರ್ ಮುಚ್ಚುವವರೆಗೆ ಒಂದು ದಿನವೂ ಇಲ್ಲ.

ವಾಸಣ್ಣ, ಯಾಕೆ ಅಂತ ಆಗ ನಾನು ನಿಮ್ಮನ್ನು ಕೇಳಿದ್ದೆ. ನೆನಪುಂಟಾ?
"ಎಂತ ಮಾಡುದು ಮಾರಾಯ, ಮೇಲೆ ಕ್ಯಾಮೆರಾ ಹಾಕಿದ್ದಾರೆ. ನನ್ನದು ಬಿಡು, ಈ ಹುಡುಗರ ಕೆಲಸ ಹೋದ್ರೆ ಅವರು ಎಲ್ಲಿಗೆ ಹೋಗುದು?" ಅಂದಿರಿ.
ನಾನು ಅದನ್ನೂ ನಂಬಲಿಲ್ಲ. ಹುಡುಗರ ನೆಪ ಹೇಳಿ ನಿಮ್ಮ ಕುರ್ಚಿ ಉಳಿಸಿಕೊಳ್ಳುತ್ತಿದ್ದೀರಿ ಅಂತ ಅನ್ನಿಸಿತು.
ಕೊನೆಗೆ ಕುರ್ಚಿಯೂ ಉಳಿಯಲಿಲ್ಲ, ಬಾರೂ ಉಳಿಯಲಿಲ್ಲ. ಈಗ ಅಲ್ಲಿ ಮೊಬೈಲ್ ಶೋರೂಮ್ ಇದೆ.

ಹೋದ ತಿಂಗಳು ಮಲಾಡಿನಲ್ಲಿ ಒಂದು ಪಬ್ ಶುರುವಾಯಿತು.
ಆ ದೊಡ್ಡವರದ್ದೇ. ನಮ್ಮ ಹಳೇ ಹೆಸರು, ಹಳೇ ಲೇಬಲ್, ಗೋಡೆಯ ತುಂಬ ಹಳೇ ಬಾರಿನ ಫೋಟೋಗಳು.
ಓಪನಿಂಗಿಗೆ ದೀಪ ಹಚ್ಚಿದ್ದು ಯಾರು?
ನೀವು...
ಫೋಟೋದಲ್ಲಿ ಶಾಲು ಹೊದ್ದು, ಕೌಂಟರಿಗೆ ಒರಗಿ, ನಗುತ್ತಿದ್ದೀರಿ.

ನನಗೆ ಮೈ ಉರಿದುಹೋಯಿತು ವಾಸಣ್ಣ. ಫೋಟೋವನ್ನು ಸರಿಯಾಗಿ ನೋಡಲೂ ಇಲ್ಲ. ನಿಮ್ಮ ಹೆಸರನ್ನೂ ಇವರಿಗೆ ಮಾರಿಕೊಂಡಿರಾ ಎಂದು ಕೇಳಲು ಫೋನ್ ಎತ್ತಿದವನು ಹಾಗೇ ಇಟ್ಟುಬಿಟ್ಟೆ.

ಇವತ್ತು ಆ ಪಬ್ಬಿನವರು ಅದೇ ಫೋಟೋ ಪೋಸ್ಟ್ ಮಾಡಿದ್ದಾರೆ.
ನಮ್ಮ ಬಿಯರಿನ ರುಚಿಗೆ ವಾಸು ಅಂಕಲ್ ಅವರೇ ಸಾಕ್ಷಿ ಅಂತೆ. ಅವರ ನೆನಪಿಗೆ ಇವತ್ತು ಸಂಜೆ ಹಳೇ ಗಿರಾಕಿಗಳಿಗೆ ಒಂದು ಬಿಯರ್ ಫ್ರೀ ಅಂತೆ.
ಮನೆಯಿಂದ ಅವರನ್ನು ಇನ್ನೂ ಎತ್ತಿಲ್ಲ... ಆಗಲೇ ಆಫರ್.
ನಮ್ಮ ಗ್ರೂಪಿನಲ್ಲೂ ಕೆಲವರು ಹೋಗೋಣ ಅನ್ನುತ್ತಿದ್ದಾರೆ.

ದಹಿಸರದಿಂದ ಮುಲುಂಡಿಗೆ, ವಾಸಣ್ಣನ ಮನೆಗೆ ಹೊರಟೆ. ದಾದರಿನಲ್ಲಿ ಗಾಡಿ ಬದಲಿಸಿ, ಕೂರಲು ಜಾಗ ಸಿಕ್ಕ ಮೇಲೆ ಆ ಫೋಟೋ ತೆಗೆದೆ. ಕೈಯಲ್ಲಿ ಏನಾದರೂ ದುಡ್ಡಿನ ಕವರ್ ಇದೆಯೇ ಎಂದು ನೋಡಲು ಝೂಮ್ ಮಾಡಿದೆ. ನನ್ನ ಬುದ್ಧಿಯೇ ಅಂಥದ್ದು.

ಕೈ ಖಾಲಿ.
ಮೊಣಕೈ ಪಕ್ಕ, ಕೌಂಟರಿನ ಮೇಲೆ, ಒಂದು ಗ್ಲಾಸ್...
ಕವುಚಿದೆ.
ತೊಳೆದು ಒಣಗಲು ಇಟ್ಟದ್ದಿರಬಹುದು ಅಂತ ಆಗಲೂ ಅನುಮಾನ. ಇನ್ನೂ ಝೂಮ್ ಮಾಡಿದೆ.
ತಳದ ಮೇಲೆ ಬಾಟಲಿಯ ಮುಚ್ಚಳ ಇದೆ.

ಪಬ್ಬಿನವರದ್ದೇ ಶಾಲು ಹೊದ್ದು, ಅವರದ್ದೇ ಕ್ಯಾಮೆರಾದ ಎದುರು ಇಟ್ಟಿದ್ದೀರಿ ವಾಸಣ್ಣ.
ಈ ಸಲ ನಿಮ್ಮಿಂದಾಗಿ ಕೆಲಸ ಹೋಗುವ ಹುಡುಗರು ಯಾರೂ ಇರಲಿಲ್ಲ ಅಲ್ಲವೇ...
ಪಬ್ಬಿನವರಿಗೆ ಒಂದೂ ಗೊತ್ತಿಲ್ಲ. ಅದೇ ಫೋಟೋವನ್ನು ಊರಿಗೆಲ್ಲ ಹಂಚುತ್ತಿದ್ದಾರೆ.

ಬಸಪ್ಪನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.
"ಡಬ್ಬ ಹಾಕ್ಯಾರಲ್ರೀ ಅಣ್ಣಾ..." ಅಂದ.
ಆಮೇಲೆ ಅವನ ಅಳು ಮಾತ್ರ ಕೇಳಿಸಿತು.
ಇದನ್ನು ಲೋಕಲ್ ಟ್ರೈನಿನಲ್ಲಿ ಕೂತೇ ಬರೆಯುತ್ತಿದ್ದೇನೆ. ನನಗೂ ಅಕ್ಷರ ಸರಿಯಾಗಿ ಕಾಣಿಸುತ್ತಿಲ್ಲ.

ಗ್ರೂಪಿನವರೇ, ಸಂಜೆ ಮಲಾಡಿಗೆ ಹೋಗುವವರು ಹೋಗಿ.
ಮೊದಲು ಆ ಫೋಟೋ ನೋಡಿ.
ಆಮೇಲೆ ನಿಂಬೂ ಸೋಡಾ ಕೇಳಿ.

ಹೋಗಿ ಬನ್ನಿ ವಾಸಣ್ಣ... ಇನ್ನು ಯಾರ ಮಾಲನ್ನೂ ನೀವು ಮೂಸಿ ನೋಡಬೇಕಾಗಿಲ್ಲ.
ನಿಮ್ಮ ಜೀವ ತಣ್ಣಗಿರಲಿ. 🙏