ಒಣಹುಲ್ಲಿನ ಬಣ್ಣ

ಹದದಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಕಾರ್ಖಾನೆಯ ಹಿಂದುಗಡೆಯ ಕತ್ತಲ ಕೋಣೆಯಲ್ಲಿ ಉಕ್ಕಿಗೆ ಹದ ಹಾಕುತ್ತ ಕೂತವನಿಗೆ ಇನ್ನೇನು ಹೆಸರು ಬಂದೀತು ಹೇಳಿ.

ಆ ಕೋಣೆಗೆ ಬರುತ್ತಿದ್ದದ್ದು ಎಣ್ಣೆಯಲ್ಲಿ ಅದ್ದಿದರೆ ಗಟ್ಟಿಯಾಗುವ ಜಾತಿಯ ಉಕ್ಕು. ಬರುವಾಗ ಸಾಧು ಪ್ರಾಣಿ. ಅರದಿಂದ ಉಜ್ಜಿದರೆ ಪುಡಿ ಉದುರುತ್ತದೆ, ಕೊರೆದರೆ ಕೊರೆಸಿಕೊಳ್ಳುತ್ತದೆ. ಅದನ್ನು ತೂತು ಹೊಡೆಯುವ ಪಂಚೋ, ಅಚ್ಚೊತ್ತುವ ಡೈಯೋ, ಕಾಗದ ಕತ್ತರಿಸುವ ಅಲಗೋ, ಬೇಕಾದ ಆಕಾರಕ್ಕೆ ತಂದು ಹದದಣ್ಣನ ಕೈಗೆ ಕೊಡುತ್ತಿದ್ದರು. ಅವನು ಅದನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಜೇಬಿನಿಂದ ಅಯಸ್ಕಾಂತ ತೆಗೆದು ಹತ್ತಿರ ಹಿಡಿದು, ಅದು ಅಂಟುವುದನ್ನು ಬಿಟ್ಟಿತೆಂದರೆ ಇನ್ನೂ ಸ್ವಲ್ಪ ಕಾಯಿಸಿ, ಬೆಚ್ಚಗಿನ ಎಣ್ಣೆಗೆ ನೆಟ್ಟಗೆ ಇಳಿಸುತ್ತಿದ್ದ. ನೀರಿಗೆ ಹಾಕಿದರೆ ಟಣ್ ಎಂದು ಸೀಳಿಬಿಡುತ್ತದೆ. ಎಣ್ಣೆ ನಿಧಾನಸ್ಥ. ಶಾಖವನ್ನು ಮೆಲ್ಲಗೆ ಎಳೆದುಕೊಳ್ಳುವುದರಿಂದ ತುಂಡು ಸೊಟ್ಟಗಾಗುವುದೂ ಕಡಿಮೆ. ಎಣ್ಣೆ ಸಾಕಷ್ಟು ಬೆಚ್ಚಗಿದೆಯೇ ಎಂದು ಅವನು ಮೊಣಕೈ ಅದ್ದಿ ನೋಡುತ್ತಿದ್ದ, ಹಸುಗೂಸಿನ ಸ್ನಾನದ ನೀರು ನೋಡುವ ಹಾಗೆ. ಅವನ ಅಂಗಿಗಳಿಗೆಲ್ಲ ಬಲಗೈಯ ಒಂದೇ ಜಾಗದಲ್ಲಿ ಕಲೆ.

ಅಲ್ಲಿಗೆ ಅರ್ಧ ಕೆಲಸವಷ್ಟೇ. ಎಣ್ಣೆಯಿಂದ ಎದ್ದ ಉಕ್ಕಿನ ಮೇಲೆ ಅರ ಜಾರುತ್ತದೆ, ಅಷ್ಟು ಗಟ್ಟಿ. ಕೈತಪ್ಪಿ ಬಿದ್ದರೆ ಗಾಜಿನ ಹಾಗೆ ಚೂರು. ಅದರ ಸಿಡುಕು ಇಳಿಸಬೇಕು. ಒಂದು ಮುಖವನ್ನು ಉಜ್ಜಿ ಬೆಳ್ಳಗೆ ಮಾಡಿ, ಬಿಸಿ ಮರಳಿನ ತಟ್ಟೆಯ ಮೇಲಿಟ್ಟು ಬಣ್ಣ ಕಾಯಬೇಕು. ಮೊದಲು ತೆಳು ಹಳದಿ, ಆಮೇಲೆ ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ. ಪಂಚಿಗೆ ಬೇಕಾದದ್ದು ಚೆನ್ನಾಗಿ ಕೂಡಿದ ಒಣಹುಲ್ಲಿನ ಬಣ್ಣ. ಮುಂಚೆ ತೆಗೆದರೆ ಮೂಲೆ ಚಕ್ಕೆ ಏಳುತ್ತದೆ, ತಡಮಾಡಿದರೆ ಮೆತ್ತಗಾಗುತ್ತದೆ. ಆ ಗಳಿಗೆ ಹಿಡಿಯುವುದು ಹದದಣ್ಣನ ಕಣ್ಣಿಗೆ ಬಿಟ್ಟದ್ದು. ಬಣ್ಣ ಕೂಡಿದಾಗ ಅವನು "ಬಂತು" ಎನ್ನುತ್ತಿದ್ದ. ಆ ಮಾತು ಬರುವವರೆಗೆ ಆ ಕೋಣೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಯಜಮಾನರು ಕೂಡ ಹೊರಗೆ ಹೋಗಿ ಕೆಮ್ಮಿ ಬರಬೇಕು.

ಇಂಥವನು ಮನೆಗೆ ಬಂದರೆ ಸುಮ್ಮನಿರುತ್ತಾನೆಯೇ? ಮನುಷ್ಯರನ್ನೂ ಉಕ್ಕಿನ ಲೆಕ್ಕದಲ್ಲೇ ಅಳೆಯುತ್ತಿದ್ದ. ಭಾವಮೈದುನನ ಮಾತು ಬಂದರೆ, "ಅವನು ಬರೀ ಕಬ್ಬಿಣ ಕಣೇ. ಎಷ್ಟು ಕಾಯ್ಸಿ ಎಷ್ಟು ಸಲ ಅದ್ದಿದ್ರೂ ಗಟ್ಟಿ ಆಗಲ್ಲ" ಎನ್ನುವನು. ಭಾವಮೈದುನನೂ ಬಿಡುವವನಲ್ಲ. ಹದದಣ್ಣ ಉಂಡು ಹೋದಮೇಲೆ ಚಮಚ ಎಣಿಸುತ್ತಿದ್ದ, ಏಕೆಂದರೆ ಜೇಬಿನ ಅಯಸ್ಕಾಂತಕ್ಕೆ ಎರಡಾದರೂ ಅಂಟಿಕೊಂಡು ಹೋಗುತ್ತಿದ್ದವು. ಹದದಣ್ಣ ತನ್ನ ಹೆಂಡತಿಯನ್ನು ಮಾತ್ರ ಹೊಗಳುತ್ತಿದ್ದ. ಅವಳ ಕೂದಲಿನ ಕಪ್ಪು ಹೋಗತೊಡಗಿದ ವರ್ಷದಿಂದ ಆಗಾಗ ಅವಳ ತಲೆಯನ್ನೇ ದಿಟ್ಟಿಸಿ, "ಒಣಹುಲ್ಲಿನ ಬಣ್ಣಕ್ಕೆ ಬಂದಿದೆ ನೋಡು, ಸರಿಯಾದ ಹದ" ಎನ್ನುವನು. ಅವಳು "ಸಾಕು ಸುಮ್ನಿರಿ" ಎಂದು ಒಳಗೆ ಹೋಗಿ ಕನ್ನಡಿ ನೋಡಿಕೊಳ್ಳುವಳು. ಕನ್ನಡಿ ಬೇರೆಯೇ ಹೇಳುತ್ತಿತ್ತು, ಆದರೆ ಗಂಡ ಹೇಳಿದ್ದು ಅವಳಿಗೆ ಹಿಡಿಸಿತ್ತು.

ಹೀಗಿರುವಾಗ ಬೀಗದ ಕಂಪನಿಯ ಕೆಲಸ ಬಂತು. ತಗಡಿನಲ್ಲಿ ಬೀಗದಕೈ ತೂರುವ ತೂತು ಹೊಡೆಯುವ ಪಂಚು; ಮೇಲೆ ಗುಂಡುತಲೆ, ಕೆಳಗೆ ಸಣ್ಣ ಬಾಲ. ಇಪ್ಪತ್ತು ಸಾವಿರ ತೂತು ಹೊಡೆಯಬೇಕಾದ ಪಂಚು ಮುನ್ನೂರಕ್ಕೇ ಬಾಲದ ಮೂಲೆ ಮುರಿದುಕೊಂಡಿತು. ಎರಡನೆಯದು ಇನ್ನೂರಕ್ಕೆ. ಪ್ರೆಸ್ ನಡೆಸುವ ಹೆಂಗಸು ಮೂರನೆಯದರ ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ಬಂದು, "ಹದದಣ್ಣ, ನಿಮ್ಮ ಹದ ಬಂದಿದೆ, ತಗೊಳ್ಳಿ" ಎಂದಳು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹದದಣ್ಣ ಮೊದಲು ಉಕ್ಕನ್ನು ಬೈದ, ಆಮೇಲೆ ಹವೆಯನ್ನು, ಕೊನೆಗೆ ಎಣ್ಣೆಯನ್ನು. ಎಣ್ಣೆಯಲ್ಲಿ ಯಾರೋ ಕೈ ತೊಳೆಯುತ್ತಿದ್ದಾರೆ ಎಂದು ತೊಟ್ಟಿಗೆ ಮುಚ್ಚಳ ಮಾಡಿಸಿ ಬೀಗ ಜಡಿದ. ಮರುದಿನ ಬೀಗದಕೈ ಕಳೆದುಹೋಯಿತು. ಇಡೀ ಕಾರ್ಖಾನೆ ಎರಡು ಗಂಟೆ ಮೇಜಿನಡಿ ತೆವಳಿದಮೇಲೆ ಅದು ಅವನ ಜೇಬಿನಲ್ಲೇ, ಅಯಸ್ಕಾಂತಕ್ಕೆ ಕಚ್ಚಿಕೊಂಡು ಸಿಕ್ಕಿತು.

ಯಜಮಾನರು ಕರೆದು ಕೂರಿಸಿಕೊಂಡರು. "ಹದದಣ್ಣ, ನಿಮ್ಮ ಮೇಲೆ ನನಗೆ ಗೌರವ ಇದೆ. ಆದ್ರೆ ಗುರುವಾರ ಒಂದೇ ಒಂದು ಪಂಚು ಮಾಡ್ಕೊಡಿ. ಅದೂ ಮುರಿದ್ರೆ, ತಾನೇ ಶಾಖ ನೋಡ್ಕೊಳ್ಳೋ ಕರೆಂಟಿನ ಒಲೆ ತರಿಸ್ತೀನಿ. ನೀವು ಪ್ಯಾಕಿಂಗಿಗೆ ಹೋಗಿ, ಆರಾಮಾಗಿರಿ."

"ಆರಾಮಾಗೇ ಇದ್ದೀನಿ ಸಾರ್" ಎಂದ ಹದದಣ್ಣ. ಸುಳ್ಳು. ಇಪ್ಪತ್ತೊಂಬತ್ತು ವರ್ಷ ಬೆಂಕಿಯ ಮುಂದೆ ಕೂತವನು ರಟ್ಟಿನ ಡಬ್ಬಿಗೆ ಟೇಪು ಅಂಟಿಸುತ್ತ ಕೂರುವುದುಂಟೇ?

ಭಾನುವಾರ ಬಂತು. ಭಾನುವಾರ ಅವನ ಹೆಂಡತಿ ಬಿಸ್ಕತ್ತು ಸುಡುತ್ತಿದ್ದಳು. ಓವನ್ನಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು "ಬಂತು" ಎನ್ನುವ ಅಧಿಕಾರ ಮಾತ್ರ ಗಂಡನದು. ಕೆಲವು ತಿಂಗಳಿಂದ ಬಿಸ್ಕತ್ತು ಹಲ್ಲಿಗೆ ಅಂಟುತ್ತಿತ್ತು. ಅವಳು ಹಿಟ್ಟಿನ ಅಂಗಡಿಯವನ ಜೊತೆ ಎರಡು ಸಲ ಜಗಳವಾಡಿ ಬಂದಿದ್ದಳು. ಗಂಡನ ಕಣ್ಣನ್ನು ಅನುಮಾನಿಸುವುದು ಅವಳಿಗೆ ಹೊಳೆದೇ ಇರಲಿಲ್ಲ.

"ಬಂತು" ಎಂದ ಹದದಣ್ಣ.

ಅವಳು ತಟ್ಟೆ ಎಳೆದು ನೋಡಿದಳು. ಬಿಸ್ಕತ್ತುಗಳು ಒಳಗೆ ಹೋದಾಗ ಹೇಗಿದ್ದವೋ ಹಾಗೇ ಬೆಳ್ಳಗೆ ಮಲಗಿದ್ದವು.

"ಇದು ಬಂದಿದ್ಯೇನ್ರೀ?"

"ಒಣಹುಲ್ಲಿನ ಬಣ್ಣ. ಕಣ್ಣು ಬಿಟ್ಟು ನೋಡು."

ಅವಳು ಹೊಲಿಗೆ ಡಬ್ಬಿಯಿಂದ ಎರಡು ದಾರದುಂಡೆ ತಂದಳು. ಒಂದು ಬಿಳಿ, ಒಂದು ಹಳದಿ. "ಇದ್ಯಾವ ಬಣ್ಣ?"

"ಹಳದಿ."

"ಇದು?"

"ಅದೂ ಹಳದಿ. ಒಂದೇ ಬಣ್ಣದ್ದು ಎರಡೆರಡು ಯಾಕೆ ತಂದೆ? ದುಂದು."

ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು. "ರೀ, ನಿಮ್ಮ ಕಣ್ಣಿಗೆ ಪೊರೆ ಬಂದಿದೆ. ನಮ್ಮಪ್ಪನಿಗೂ ಹಿಂಗೇ ಲೋಕವೆಲ್ಲ ಹಳದಿ ಕಾಣ್ತಿತ್ತು. ನೀವು ಪಂಚನ್ನ ಬಣ್ಣ ಬರೋಕೆ ಮುಂಚೆನೇ ತೆಗೀತಿದ್ದೀರಿ. ಅದಕ್ಕೇ ಮುರೀತಿದೆ."

ಹದದಣ್ಣ ಎರಡು ಉಂಡೆಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅವನಿಗೆ ಭಯವಾಯಿತು. ಸುಮ್ಮಸುಮ್ಮನೆ ಬೈದ ಎಣ್ಣೆಯ ಮೇಲೆ ಪಾಪವೆನಿಸಿತು.

"ಯಾರಿಗೂ ಹೇಳಬೇಡ ಕಣೇ" ಎಂದ. "ಕಣ್ಣಿಲ್ಲ ಅಂತ ಗೊತ್ತಾದ್ರೆ ಗುರುವಾರದ ತನಕವೂ ಇಟ್ಕೊಳ್ಳಲ್ಲ."

ಇಬ್ಬರೂ ಕೂತು ಒಂದು ಉಪಾಯ ಹೂಡಿದರು. ಗುರುವಾರ ಅವಳು ಊಟದ ಡಬ್ಬಿ ಕೊಡುವ ನೆಪದಲ್ಲಿ ಬಂದು ಮರಳಿನ ತಟ್ಟೆಯ ಪಕ್ಕ ನಿಲ್ಲುವುದು. ಪಂಚು ಅವಳ ಒಳ್ಳೆಯ ದಿನದ ಬಿಸ್ಕತ್ತಿನ ಬಣ್ಣಕ್ಕೆ ಬಂದಾಗ ಒಂದು ಸಲ ಕೆಮ್ಮುವುದು. ಅವನು "ಬಂತು" ಎನ್ನುವುದು.

ಗುರುವಾರ ಯಜಮಾನರು, ಪ್ರೆಸ್ಸಿನ ಹೆಂಗಸು ಎಲ್ಲರೂ ಗೋಡೆಗೊರಗಿ ನಿಂತರು. ಹದದಣ್ಣ ಪಂಚನ್ನು ಕಾಯಿಸಿ ಎಣ್ಣೆಗಿಳಿಸಿದ. ಭುಸ್ ಎಂದು ಹೊಗೆ ಎದ್ದು ಕೋಣೆ ತುಂಬಿತು. ಅರ ಎಳೆದು ನೋಡಿದರೆ ಜಾರಿತು, ಗಟ್ಟಿಯಾಗಿದೆ. ಮುಖ ಉಜ್ಜಿ ಮರಳಿನ ಮೇಲಿಟ್ಟ.

ಒಂದು ನಿಮಿಷವೂ ಆಗಿರಲಿಲ್ಲ, ಹೆಂಡತಿ ಕೆಮ್ಮಿದಳು.

"ಬಂತು" ಎಂದು ಹದದಣ್ಣ ಇಕ್ಕಳದಲ್ಲಿ ಪಂಚನ್ನು ಎತ್ತಿದ.

ಅವಳು ಇಲ್ಲ ಇಲ್ಲ ಎಂದು ತಲೆಯಾಡಿಸಿದಳು. ಅವನು ಕೆಳಗಿಟ್ಟ. ಅವಳು ಮತ್ತೆ ಕೆಮ್ಮಿದಳು. ಅವನು ಮತ್ತೆ ಎತ್ತಿದ, "ಬಂತು." ಮತ್ತೆ ತಲೆಯಾಡಿತು. ನಾಲ್ಕನೆಯ ಸಲಕ್ಕೆ ಪ್ರೆಸ್ಸಿನ ಹೆಂಗಸು, "ಬಂತೋ ಹೋಯ್ತೋ, ಒಂದು ಹೇಳಿ ಹದದಣ್ಣ" ಎಂದಳು.

"ಬಂದಿಲ್ಲ ರೀ, ಇದು ಹೊಗೆ ಕೆಮ್ಮು" ಎಂದು ಹೆಂಡತಿ ಗಂಟಲು ಹಿಡಿದುಕೊಂಡು ಹೇಳಿಬಿಟ್ಟಳು. "ಬಣ್ಣ ಬಂದಾಗ ಬಾಯಲ್ಲೇ ಹೇಳ್ತೀನಿ. ಅಲ್ಲೀತನಕ ಮುಟ್ಟಬೇಡಿ."

ಗುಟ್ಟು ರಟ್ಟಾಯಿತು. ಯಾರೂ ನಗಲಿಲ್ಲ. ಹದದಣ್ಣ ಇಕ್ಕಳ ಹಿಡಿದು ನಿಂತೇ ಇದ್ದ, ಅವನ ಕಿವಿ ಕುಲುಮೆಗಿಂತ ಕೆಂಪಾಗಿತ್ತು. ಸ್ವಲ್ಪ ಹೊತ್ತಾದಮೇಲೆ ಅವಳು ಮರಳಿನ ಮೇಲೆ ಬಗ್ಗಿ, ಬಿಸ್ಕತ್ತನ್ನು ನೋಡುವಷ್ಟೇ ಶ್ರದ್ಧೆಯಿಂದ ನೋಡಿ, "ಬಂತು" ಎಂದಳು. ಅವನು ತೆಗೆದ.

ಆಮೇಲೆ ಯಜಮಾನರ ಕಡೆ ತಿರುಗಿದ. "ನನಗೆ ಕಣ್ಣು ಸರಿಯಾಗಿ ಕಾಣಿಸ್ತಿಲ್ಲ ಸಾರ್. ಎಣ್ಣೆದು ತಪ್ಪಿರಲಿಲ್ಲ."

ಸಂಜೆಯ ಗಂಟೆ ಹೊಡೆಯುವ ಹೊತ್ತಿಗೆ ಪಂಚು ನಾಲ್ಕು ಸಾವಿರ ತೂತು ಹೊಡೆದಿತ್ತು. ಪ್ರೆಸ್ಸಿನ ಹೆಂಗಸು ಬಾಲದ ಮೂಲೆಗೆ ಉಗುರು ಎಳೆದು ನೋಡಿ, "ಗಟ್ಟಿ ಪಿಂಡ" ಎಂದಳು. ಯಜಮಾನರು ಯೋಚಿಸಿ, "ಒಲೆ ಮಾತು ಆಮೇಲೆ ನೋಡೋಣ. ನೀವು ಮೊದಲು ಕಣ್ಣು ಮಾಡಿಸ್ಕೊಂಡು ಬನ್ನಿ. ಅಲ್ಲೀವರೆಗೆ ಅಮ್ಮನೋರು ಬಂದು ಬಣ್ಣ ಹೇಳಲಿ" ಎಂದರು. ಮೂರು ವಾರ ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು "ಬಂತು" ಎಂದಳು. ಎರಡನೆಯ ವಾರಕ್ಕೇ, ತಾನು ನೋಡುವಾಗ ಯಾರೂ ಉಸಿರು ಬಿಡಕೂಡದು ಎಂದು ಗಂಡನನ್ನೇ ಗದರಿಸತೊಡಗಿದಳು.

ಡಾಕ್ಟರು ಮೊದಲು ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣು ಮುಂದಿನ ತಿಂಗಳು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ಹದದಣ್ಣ ಮಗುವಿನಂತೆ ಕೋಣೆ ಕೋಣೆ ಸುತ್ತಿದ. ಗೋಡೆ ಬಿಳಿ. ಹಾಲು ಬಿಳಿ. ದಾರದುಂಡೆ ಒಂದು ಬಿಳಿ, ಒಂದು ಹಳದಿ, ದುಂದೇನಲ್ಲ. ಆಮೇಲೆ ಅಡುಗೆಮನೆಗೆ ಬಂದು ಹೆಂಡತಿಯನ್ನು ನೋಡಿ ನಿಂತುಬಿಟ್ಟ.

"ನಿನ್ನ ಕೂದಲು ಯಾವಾಗ ಬೆಳ್ಳಗಾಯ್ತೇ?"

ಅವಳ ಕೈ ಹಿಟ್ಟಿನಲ್ಲೇ ನಿಂತಿತು. "ಆರು ವರ್ಷ ಆಯ್ತು" ಎಂದಳು. "ಒಣಹುಲ್ಲಿನ ಬಣ್ಣ ಅಂತಿದ್ರಲ್ಲ, ನೀವು ಪ್ರೀತಿಗೆ ಅಂತಿದ್ದೀರಿ ಅಂದ್ಕೊಂಡಿದ್ದೆ. ಪೊರೆಗೆ ಅಂತ ಗೊತ್ತಿರಲಿಲ್ಲ."

ಹದದಣ್ಣ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಎಡಗಣ್ಣಲ್ಲಿ ಅವಳನ್ನು ನೋಡಿದ. ಕೈ ತೆಗೆದು ಬಲಗಣ್ಣಲ್ಲಿ ನೋಡಿದ. ಮತ್ತೆ ಮುಚ್ಚಿದ.

"ಎಡಗಣ್ಣಿಗೆ ಆಪರೇಷನ್ ಬೇಡ ಅಂತ ಹೇಳಿಬಿಡ್ತೀನಿ" ಎಂದ. "ಕಾರ್ಖಾನೆಗೆ ಒಂದು ಕಣ್ಣು ಸಾಕು."

ಅವಳು ತಲೆ ತಗ್ಗಿಸಿ ಹಿಟ್ಟು ನಾದತೊಡಗಿದಳು, ಬೇಕಾದ್ದಕ್ಕಿಂತ ಜೋರಾಗಿ. "ಸುಮ್ನೆ ಹೋಗಿ ಅದನ್ನೂ ಮಾಡಿಸ್ಕೊಂಡು ಬನ್ನಿ" ಎಂದಳು. "ಹೇಳೋದನ್ನ ಮಾತ್ರ ನಿಲ್ಲಿಸಬೇಡಿ."