ಬಂಡೆ ತಟ್ಟಿ ನೋಡುತ್ತಿದ್ದ ದೊರೈರಾಜಣ್ಣ

ಯಾವ ಬಂಡೆಯ ಮೇಲೆ ಕೂರುವುದಿದ್ದರೂ ದೊರೈರಾಜಣ್ಣ ಮೊದಲು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಟಣ್ ಎಂದರೆ ಕೂರುತ್ತಿದ್ದರು. ಬೊದ್ ಎಂದರೆ, "ಇದು ಒಳ್ಗೆ ಬಿರುಕು ಬಿಟ್ಟೈತೆ, ಬ್ಯಾಡ" ಎಂದು ಮುಂದೆ ನಡೆಯುತ್ತಿದ್ದರು. ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ಇಪ್ಪತ್ತು ವರ್ಷ, ತಲೆಯ ಮೇಲಿನ ಕಲ್ಲು ಗಟ್ಟಿಯಿದೆಯೇ ಎಂದು ತಟ್ಟಿ ನೋಡಿಯೇ ಬದುಕಿ ಬಂದವರು. ಗಣಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ನಮ್ಮ ಮನೆಗೆ ಬಂದಾಗ ಸಿಮೆಂಟಿನ ಜಗಲಿಯನ್ನೂ ತಟ್ಟಿ, ಮುಖ ಸಿಂಡರಿಸಿ, ನಿಂತೇ ಕಾಫಿ ಕುಡಿದರು.

ಅವರನ್ನು ನಾನು ಮೊದಲು ಕಂಡದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ. ನಾನೂ ನನ್ನ ಸಂಗಾತಿ ಲತಾಳೂ ಸೇರಿ, ನಮ್ಮಂಥವರಿಗಾಗಿ ಒಂದು ದಿನದ ಚಾರಣ ಇಟ್ಟಿದ್ದೆವು. ಹೆಣ್ಣನ್ನು ಪ್ರೀತಿಸುವ ಹೆಣ್ಣುಗಳು, ಗಂಡನ್ನು ಪ್ರೀತಿಸುವ ಗಂಡುಗಳು, ಟ್ರಾನ್ಸ್ ಹೆಣ್ಣುಮಕ್ಕಳು, ಎಲ್ಲ ಸೇರಿ ಹನ್ನೊಂದು ಜನ. ಹತ್ತಬೇಕಾದದ್ದು ಬೂದಿಕೋಟೆ ದಾರಿಯ ಒಂದು ಬೋಳು ಬೆಟ್ಟ. ಮೆಟ್ಟಿಲಿಲ್ಲ, ನೆರಳಿಲ್ಲ. ಕೆಜಿಎಫ್‌ನ ಉರಿಗಾಂನಿಂದ ಬಂದ, ನಮ್ಮ ಗುಂಪಿನ ಚಾಂದನಿಯ ಹಿಂದೆ, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿದ ಒಬ್ಬ ಹಿರಿಯರು ರೈಲಿನಿಂದ ಇಳಿದರು.

"ಪಕ್ಕದ ಮನೆ ಅಣ್ಣ ಅಕ್ಕಾ," ಎಂದು ಚಾಂದನಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಯಾರ ಜೊತೆ ಓಗ್ತೀಯಾ ಅಂದ್ರು. ನನ್ನಂಥೋರ ಜೊತೆ ಅಂದೆ. ಅಂಗಾದ್ರೆ ನಾನೂ ಬತ್ತೀನಿ ಅಂದ್ಬುಟ್ರು."

ಅವಳ ಕಾವಲಿಗೆ ಬಂದಿದ್ದಾರೆ ಎಂದುಕೊಂಡೆವು. ಎಲ್ಲರೂ ತಮ್ಮ ಬಗ್ಗೆ ನಾಲ್ಕು ಮಾತು ಹೇಳಿಕೊಂಡಾಗ ಅವರು, "ದೊರೈರಾಜು. ರಿಟೈರ್ಡು" ಎಂದಷ್ಟೇ ಹೇಳಿ ಕೂತರು.

ಬೆಟ್ಟದ ಅರ್ಧದಲ್ಲಿ ಎರಡು ಬಂಡೆಗಳ ನಡುವೆ ಒಂದು ಸಂದಿ. ಒಳಗೆ ಕತ್ತಲು, ತೆವಳಿಕೊಂಡೇ ದಾಟಬೇಕು. ಚಾಂದನಿ ನಡುವೆ ಸಿಕ್ಕಿಕೊಂಡು ಅಳತೊಡಗಿದಳು. ದೊರೈರಾಜಣ್ಣ ಮನೆಯ ಒಳಕೋಣೆಗೆ ಹೋಗುವವರಂತೆ ಸಲೀಸಾಗಿ ನುಗ್ಗಿದರು. "ಮೆದುವಾ, ಕಣ್ಣೂ, ಮೆಲ್ಲಗೆ. ಉಸ್ರು ಬುಟ್ರೆ ಒಟ್ಟೆ ಸಣ್ಣ ಆಯ್ತದೆ, ಆಗ ಜರುಗು," ಎಂದು ಅವರ ದನಿ ಮಾತ್ರ ಕೇಳುತ್ತಿತ್ತು. ಎರಡೇ ನಿಮಿಷದಲ್ಲಿ ಇಬ್ಬರೂ ಆ ಕಡೆ ಬಿಸಿಲಿನಲ್ಲಿದ್ದರು.

ಆದರೆ ಕೊನೆಯ ಇಳಿಜಾರು ಬಂಡೆಯ ಮೇಲೆ, ಎಲ್ಲರಿಗೂ ಧೈರ್ಯ ಹೇಳಿದ ಮನುಷ್ಯ ನಡುವಿನಲ್ಲೇ ಕುಕ್ಕರಿಸಿಬಿಟ್ಟರು. ಎರಡೂ ಅಂಗೈಯಿಂದ ಬಂಡೆಯನ್ನು ಒತ್ತಿ ಹಿಡಿದಿದ್ದರು.

"ಅಣ್ಣಾ, ಕೆಳಗೆ ನೋಡಬೇಡಿ," ಎಂದೆ.

"ಕೆಳಗೆ ನೋಡಿದ್ರೆ ನಂಗೇನೂ ಆಗಲ್ಲಮ್ಮಾ. ಸಾವ್ರಾರು ಅಡಿ ಕೆಳೀಕ್ ಓಗಿ ಬಂದೋನು. ಮೇಲಿಕ್ಕೆ ಮಾತ್ರ ನನ್ನ ಯಾವನೂ ಕಳ್ಸಿರ್ಲಿಲ್ಲ!"

ನಾನು ನಕ್ಕೆ. ಅವರೂ ನಕ್ಕರು. ನಕ್ಕದ್ದಕ್ಕೋ ಏನೋ ಹಿಡಿತ ಕೊಂಚ ಸಡಿಲವಾಯಿತು. ಲತಾ ಮೇಲಿನಿಂದ ಕೈ ಚಾಚಿದಳು, ನಾನು ಕೆಳಗಿನಿಂದ ಅವರ ಹಿಮ್ಮಡಿಗೆ ಅಂಗೈ ಕೊಟ್ಟೆ. ಕೂತುಕೂತೇ, ಒಂದೊಂದು ಗೇಣು ಜರುಗಿ, ಅವರು ತುದಿ ಮುಟ್ಟುವ ಹೊತ್ತಿಗೆ ಆ ಇಸ್ತ್ರಿ ಪ್ಯಾಂಟಿನ ಹಿಂಭಾಗ ಹರಿದು ಹೋಗಿತ್ತು. ಚಾಂದನಿ ತನ್ನ ಗುಲಾಬಿ ದುಪಟ್ಟಾವನ್ನು ಅವರ ಸೊಂಟಕ್ಕೆ ಸುತ್ತಿದಳು. ಎಲ್ಲರೂ ಚಪ್ಪಾಳೆ ಹೊಡೆದರು.

ಚಿತ್ರಾನ್ನದ ಡಬ್ಬಿಗಳು ತೆರೆದವು. ಅವರು ಊಟ ಮುಟ್ಟದೆ, ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು.

"ಬೆಳಗ್ಗೆ ಎಸ್ರು ಏಳಿದ್ನಲ್ಲ," ಎಂದರು ಆಮೇಲೆ, "ಅದು ಅರ್ಧ. ನಾನೂ ನಿಮ್ಮೋನೇ. ರತ್ನಂ ಅಂತ ಇದ್ದ, ನನ್ನ ಶಿಫ್ಟಿನೋನು. ಎಂಟು ವರ್ಸ ಒಂದೇ ತಟ್ಟೇಲಿ ಉಂಡ್ವಿ. ಗಣಿ ಮುಚ್ಚಿದ್ಮೇಲೆ ಚಿತ್ತೂರಿಗೆ ಓದ. ರೈಲು ಅತ್ತಿಸಿ ಬಂದೆ. ಬಾಯಿಂದ ಒಂದು ಮಾತು ಬರ್ಲಿಲ್ಲ ನಂಗೆ."

ಚಾಂದನಿ ತನ್ನ ಡಬ್ಬಿಯಿಂದ ಒಂದು ತುತ್ತು ತೆಗೆದು ಅವರ ಬಾಯಿಗಿಟ್ಟಳು. ಅವರು ಅಗಿಯುತ್ತಾ ಅಗಿಯುತ್ತಾ ಅತ್ತರು. ಆಮೇಲೆ, ಉಪ್ಪು ಕಮ್ಮಿ ಎಂದರು.

ಮುಂದಿನ ಎರಡು ವರ್ಷ ಒಂದು ಚಾರಣವನ್ನೂ ಅವರು ಬಿಡಲಿಲ್ಲ. ಹೊಸಬರು ಬಂದರೆ ತಾವೇ ಮೊದಲು ಎದ್ದು, "ದೊರೈರಾಜು, ನಿಮ್ಮೋನೇ" ಎನ್ನುವರು. ಬಂಡೆಯ ಮೇಲೆ ಮಾತ್ರ ಕಡೆಯವರೆಗೂ ಕೂತೇ ಜರುಗಿದರು. ಅದಕ್ಕೆಂದೇ ಒಂದು ಹಳೇ ಪ್ಯಾಂಟು ಇಟ್ಟುಕೊಂಡಿದ್ದರು.

ಒಂದು ದಿನ ಚಾಂದನಿ ಯಾರು ಯಾರನ್ನೋ ಕೇಳಿ, ಚಿತ್ತೂರಿನ ಒಂದು ಫೋನ್ ನಂಬರು ತಂದಳು. ಅವಳೇ ಫೋನ್ ಮಾಡಿದಾಗ ಆ ಕಡೆಯಿಂದ ಮಾತಾಡಿದ್ದು ರತ್ನಂ. ಅವರಿಗೆ ಮದುವೆಯಾಗಿತ್ತು, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಈಗ ಒಬ್ಬರೇ ಇದ್ದರು. ಅವನನ್ನು ಬರಹೇಳು ಎಂದರಂತೆ.

ಆ ಗುರುವಾರ ದೊರೈರಾಜಣ್ಣನನ್ನು ಬೀಳ್ಕೊಡಲು ನಾನು, ಲತಾ, ಚಾಂದನಿ ಮೂವರೂ ಬಂಗಾರಪೇಟೆಯ ಪ್ಲಾಟ್‌ಫಾರ್ಮಿನಲ್ಲಿದ್ದೆವು. ಶೇವ್ ಮಾಡಿ, ಮೀಸೆಗೆ ಕಪ್ಪು ಹಚ್ಚಿದ್ದರು.

"ಸೋಮವಾರ ಬಂದ್ಬುಡ್ತೀನಿ," ಎಂದರು ಚಾಂದನಿಗೆ. "ಅಲ್ಲೀಗಂಟ ಕೋಳಿಗಳ್ಗೆ ಕಾಳು ನೀನಾಕು. ಕೆಂಪು ಉಂಜ ಕುಕ್ಕುತ್ತೆ, ಉಸಾರು."

ಆಮೇಲೆ ನನ್ನ ಕಡೆ ತಿರುಗಿದರು. "ಮೊದ್ಲು ಏನ್ ಏಳ್ಲಮ್ಮಾ ಅವನಿಗೆ?"

"ಚೆನ್ನಾಗಿದ್ದೀಯಾ ಅಂತ ಕೇಳಿ ಅಣ್ಣಾ."

"ಅದನ್ನ ಯಾರ್ನ ಬೇಕಾದ್ರೂ ಕೇಳ್ತೀವಲ್ಲಮ್ಮಾ!"

ರೈಲು ಹೊರಟಿತು. ಕಿಟಕಿಯಲ್ಲಿ ಅವರ ತುಟಿಗಳು ಅಲುಗುತ್ತಿದ್ದವು. ಏನೋ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು.

ಸೋಮವಾರ ಅವರು ಬರಲಿಲ್ಲ. ಬುಧವಾರ ಚಾಂದನಿ ನಮ್ಮ ಮನೆಗೆ ಓಡಿಬಂದಳು. ಕೈಯಲ್ಲಿ ಫೋನು, ಮುಖದ ತುಂಬಾ ನಗು.

"ಅಣ್ಣ ಫೋನ್ ಮಾಡಿದ್ರು ಅಕ್ಕಾ," ಎಂದಳು ಏದುಸಿರು ಬಿಡುತ್ತಾ. "ಕೋಳಿಗಳ್ನ ನೀನೇ ಇಟ್ಕಮ್ಮಾ ಅಂದ್ರು."